ಷರಾ ಕಾಲಂನಲ್ಲಿ ಎಳೆದ ಗೆರೆ

ನಮ್ಮ ಕಡೆ ಯಾರಾದರೂ ಹೊಸ ಗಾಡಿ ತಂದರೆ ಮೊದಲು ಕೇಳೋದು ಬಣ್ಣ ಅಲ್ಲ, ಕಂಪನಿ ಅಲ್ಲ. "ಎಷ್ಟ್ ಕೊಡ್ತೈತ್ರೀ?" ಅಂತ. ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಅರ್ಥ. ಹೊನ್ನಾಳಿ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ಕೇಳುತ್ತಾರೆ, ನ್ಯಾಮತಿಯಲ್ಲಿ ಮದುವೆ ಊಟಕ್ಕೆ ಕೂತಾಗ ಕೇಳುತ್ತಾರೆ, ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಗುರುತು ಪರಿಚಯ ಇಲ್ಲದವರೂ ಕೇಳುತ್ತಾರೆ. ಮೂವತ್ತಮೂರು ವರ್ಷ ಈ ಪ್ರಶ್ನೆಗೆ ಉತ್ತರ ಬರೆದು ಸಹಿ ಹಾಕಿದವನು ನಾನು. ಅದರಲ್ಲಿ ಒಂದು ಸಹಿ ಒಬ್ಬ ಒಳ್ಳೆ ಮನುಷ್ಯನ ಕುತ್ತಿಗೆಗೆ ಬಂತು. ಅದನ್ನು ಹೇಳಿಯೇ ಬಿಡಬೇಕು ಅಂತ ಈಗ ಕೂತಿದ್ದೇನೆ.

ಬರೆಯೋ ಹಟ ಹುಟ್ಟಿದ್ದು ಹೋದ ತಿಂಗಳು. ನಮ್ಮ ಹಳೇ ವರ್ಕ್‌ಶಾಪಿಗೆ ಹೊಸದಾಗಿ ಸೇರಿದ ಹೆಣ್ಣುಮಗಳೊಬ್ಬಳು, ಡಿಪ್ಲೊಮಾ ಓದಿದವಳು, ತ್ಯಾವಣಿಗೆಯ ನಮ್ಮ ಮನೆಗೆ ಬಂದಿದ್ದಳು. ಚುರುಕು ಹುಡುಗಿ. ಮಾತಿನ ಮಧ್ಯೆ ಕೇಳಿದಳು: "ಸಾರ್, ಈಗ ಗಾಡಿ ಮುಂದೇನೇ ಡಿಸ್‌ಪ್ಲೇ ಐತೆ. ಲೀಟರಿಗೆ ಎಷ್ಟು ಅಂತ ಅದೇ ತೋರಿಸ್ತೈತೆ. ಇನ್ನು ಟ್ಯಾಂಕ್ ತುಂಬ್ಸಿ ಟೆಸ್ಟ್ ಮಾಡೋದು ಯಾಕೆ?"

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. "ಅಮ್ಮಾ, ಆ ಡಿಸ್‌ಪ್ಲೇಗೆ ಗಾಡಿ ಎಷ್ಟು ದೂರ ಬಂತು ಅಂತ ಹೇಳೋರು ಯಾರು?" ಅಂದೆ. ಅವಳಿಗೆ ಕೊಡಬೇಕಾದ ಉತ್ತರ ಇಲ್ಲಿದೆ.

ನಮ್ಮದು ಹಳ್ಳಿಗಳಿಗೆ ಕುಡಿಯೋ ನೀರಿನ ಕೆಲಸ ಮಾಡಿಸೋ ಕಚೇರಿ, ನಾನು ಅದರ ವರ್ಕ್‌ಶಾಪಿನ ಮೆಕ್ಯಾನಿಕ್. ಚನ್ನಗಿರಿ, ಹೊನ್ನಾಳಿ, ಜಗಳೂರು ನನ್ನ ಪಾಲಿಗೆ ಬಂದ ತಾಲ್ಲೂಕು. ನ್ಯಾಮತಿ ಆಮೇಲೆ ಬೇರೆ ತಾಲ್ಲೂಕಾಯ್ತು, ಅದೂ ನನ್ನ ತಲೆಗೇ ಬಂತು. ಇಲ್ಲಿ ಓಡೋ ಲಾರಿ, ಜೀಪು, ಕಾರು ಎಲ್ಲದರ ರಿಪೇರಿ ಜೊತೆ ವರ್ಷಕ್ಕೊಮ್ಮೆ ಆವರೇಜ್ ಟೆಸ್ಟ್ ಮಾಡಬೇಕು. ಗಾಡಿ ಲೀಟರಿಗೆ ಇಷ್ಟು ಓಡುತ್ತೆ ಅಂತ ನಾನು ಬರೆದುಕೊಟ್ಟರೆ ಆ ವರ್ಷ ಡ್ರೈವರ್‌ಗೆ ಅದೇ ಕಟ್ಟುಪಾಡು. ಅದಕ್ಕಿಂತ ಕಮ್ಮಿ ಬಂತೋ, ಡೀಸೆಲ್ ಎಲ್ಲಿ ಹೋಯ್ತು ಅಂತ ಅವನನ್ನೇ ಕೇಳುತ್ತಾರೆ.

ಟೆಸ್ಟ್ ಮಾಡೋದು ಹೇಳಾಕೆ ಸುಲಭ. ಟ್ಯಾಂಕನ್ನು ಬಾಯಿಮಟ್ಟ ತುಂಬಿಸೋದು, ಮುಚ್ಚಳಕ್ಕೆ ಚೀಟಿ ಅಂಟಿಸೋದು, ಐವತ್ತು ಕಿಲೋಮೀಟರ್ ಓಡಿಸಿ ಅದೇ ಬಂಕಿಗೆ ಬಂದು ಮತ್ತೆ ಬಾಯಿಮಟ್ಟ ತುಂಬಿಸೋದು. ಎರಡನೇ ಸಲ ಹಿಡಿದಷ್ಟೇ ಗಾಡಿ ಕುಡಿದದ್ದು. ಇಷ್ಟರಲ್ಲೂ ನಾನು ಮೊದಲ ವರ್ಷವೇ ಮುಗ್ಗರಿಸಿದೆ. ಹೊನ್ನಾಳಿಯ ಒಂದು ಕಾರು ಲೀಟರಿಗೆ ಇಪ್ಪತ್ತಾರು ಕೊಟ್ಟಿತು! ನಾನು ಖುಷಿಯಿಂದ ಬರೆದೂ ಬಿಟ್ಟೆ. ಆಗಿನ ಎಂಜಿನಿಯರ್ ಕಾಗದ ನೋಡಿ, "ಏನಪ್ಪಾ ಹಾಲಪ್ಪ, ಈ ಕಾರಿಗೆ ನೀರು ಹಾಕಿದ್ರೂ ಓಡುತ್ತೇನೋ!" ಅಂತ ಎಲ್ಲರೆದುರಿಗೆ ನಕ್ಕರು. ಆಗಿದ್ದು ಇಷ್ಟೇ. ಬಂಕಿನ ನೆಲ ಇಳಿಜಾರು. ಮೊದಲು ಗಾಡಿ ಒಂದು ಕಡೆ ಮುಖ ಮಾಡಿತ್ತು, ಬಂದಾಗ ಇನ್ನೊಂದು ಕಡೆ. ಟ್ಯಾಂಕಿನ ಮೂಲೆಯಲ್ಲಿ ಗಾಳಿ ಕೂತು ಎರಡನೇ ಸಲ ಡೀಸೆಲ್ ಕಮ್ಮಿ ಹಿಡಿದಿತ್ತು.

ಅವತ್ತಿಂದ ನನ್ನ ಜೇಬಿನಲ್ಲಿ ಸೀಮೆಸುಣ್ಣ ಸೇರಿಕೊಂಡಿತು. ಬಂಕಿನಲ್ಲಿ ನಾಲ್ಕು ಚಕ್ರ ಎಲ್ಲಿ ನಿಂತವೋ ಅಲ್ಲಿ ನೆಲಕ್ಕೆ ಗುರುತು ಹಾಕಿ, ಬಂದಮೇಲೆ ಅದೇ ಗುರುತಿನ ಮೇಲೆ ನಿಲ್ಲಿಸುತ್ತಿದ್ದೆ. ಬಂಕಿನವರು ನನಗೆ "ಸುಣ್ಣದ ಸಾಹೇಬ್ರು" ಅಂತ ಹೆಸರಿಟ್ಟರು. ಇಡಲಿ ಬಿಡಿ.

ಲಾರಿ ವಿಷಯ ನನಗೆ ಕಲಿಸಿದವನು ತಿಪ್ಪೇಸ್ವಾಮಿ. ಬಿಳಿಚೋಡಿನವನು, ಕುರಿ ಕಾಯೋ ಮನೆತನ, ಮನೆಯಲ್ಲಿ ಮೊದಲು ಸಂಬಳದ ಕೆಲಸ ಹಿಡಿದವನು. ನನಗೂ ಅವನಿಗೂ ಒಂದೇ ವಯಸ್ಸು. ನಾನು ಅವನಿಗೆ ತಿಪ್ಪಣ್ಣ ಅಂತಿದ್ದೆ, ಅವನು ನನಗೆ ಹಾಲಣ್ಣ ಅಂತಿದ್ದ. ನಮ್ಮ ಎಂಟು ಟನ್ ಲಾರಿ ಅವನ ಕೈಲಿತ್ತು. ಹೋಗ್ತಾ ತುಂಬಿಕೊಂಡು, ಬರ್ತಾ ಖಾಲಿ, ಸರಾಸರಿ ಲೀಟರಿಗೆ ಐದು. ಕಾರು ಹದಿನೆಂಟು ಕೊಡುವಾಗ ಇದು ಐದಾ ಅಂತ ನಾನು ಮೂಗು ಮುರಿದೆ. "ನಿನ್ ಲಾರಿ ಎಮ್ಮೆ ಕುಡಿದಂಗೆ ಕುಡೀತೈತಲ್ಲೋ ತಿಪ್ಪಣ್ಣ" ಅಂದೆ.

ಅವನು ನಗಲಿಲ್ಲ. "ಸುಣ್ಣ ತಗಿ ಹಾಲಣ್ಣ" ಅಂದ. "ಜಗಳೂರಿಗೆ ಹೋಗಿ ಬರಾಕೆ ನೂರು ಕಿಲೋಮೀಟರ್ ಅಂದ್ಕೊ. ಲಾರಿಗೆ ಇಪ್ಪತ್ತು ಲೀಟರು. ಎಂಟು ಟನ್ ವಾಲ್ವು, ಮೋಟಾರು ಹೋಗಿ ಬಿತ್ತು. ಈಗ ಅದನ್ನ ನಿನ್ ಕಾರಾಗೆ ಸಾಗ್ಸು."

ಕಾರಿಗೆ ನಾಲ್ಕು ಕ್ವಿಂಟಾಲ್ ಹಾಕಿದರೆ ಹಿಂದಿನ ಚಕ್ರ ಕೂರುತ್ತೆ. ಹಾಗಾದರೆ ಇಪ್ಪತ್ತು ಟ್ರಿಪ್ಪು, ಎರಡು ಸಾವಿರ ಕಿಲೋಮೀಟರ್. ವರ್ಕ್‌ಶಾಪಿನ ನೆಲದ ಮೇಲೆ ಭಾಗಿಸಿ ನೋಡಿದೆ, ನೂರಾ ಹನ್ನೊಂದು ಲೀಟರ್ ಬಂತು. ಇಪ್ಪತ್ತು ಲೀಟರಿನ ಕೆಲಸಕ್ಕೆ ನೂರಾ ಹನ್ನೊಂದು! ಎಷ್ಟು ಕೊಡುತ್ತೆ ಅಂತ ಕೇಳುವಾಗ ಏನು ಹೊತ್ತುಕೊಂಡು ಅಂತಲೂ ಕೇಳಬೇಕು ಅನ್ನೋದು ಅವತ್ತು ನನ್ನ ಮಂಡೆಗೆ ಹೋಯಿತು.

ಮಂಡೆಗೆ ಹೋದದ್ದು ಕೈಗೆ ಬರಲಿಲ್ಲ, ಅದೇ ನನ್ನ ಕರ್ಮ. ನಮ್ಮ ಸರ್ಟಿಫಿಕೇಟಿನ ಕೊನೆಗೆ ಷರಾ ಅಂತ ಒಂದು ಕಾಲಂ ಇತ್ತು. ಗಾಡಿ ಖಾಲಿ ಇತ್ತೋ ತುಂಬಿತ್ತೋ, ರಸ್ತೆ ಎಂಥದ್ದು, ಏಸಿ ಹಾಕಿತ್ತೋ ಇಲ್ಲವೋ, ಎಲ್ಲ ಅಲ್ಲಿ ಬರೀಬೇಕು. ಯಾರೂ ಬರೆಯುತ್ತಿರಲಿಲ್ಲ. ನನಗೆ ಕಲಿಸಿದ ಹಿರಿಯರು ಅಲ್ಲೊಂದು ಗೆರೆ ಎಳೀತಿದ್ದರು, ನಾನೂ ಎಳೆದೆ. ವರ್ಷಗಟ್ಟಲೆ ಗೆರೆ ಎಳೆದೆ.

ಹೊಸ ಸಾಹೇಬರು ಬಂದರು. ಕೆಟ್ಟವರಲ್ಲ, ಕೆಲಸ ಗೊತ್ತಿದ್ದವರು, ಅವಸರದ ಮನುಷ್ಯ. ಕಾರಿನಲ್ಲಿ ಹಳ್ಳಿ ಸುತ್ತಾಕೆ ಆಗಲ್ಲ ಅಂತ ಎತ್ತರದ ಗಾಡಿ ತರಿಸಿದರು, ಈಗ ಎಲ್ಲರೂ ಎಸ್‌ಯುವಿ ಅಂತಾರಲ್ಲ, ಅದು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಜಗಳೂರು ಕಡೆ ಕೊಳವೆಬಾವಿ ಹತ್ತಿರ ಹೋಗೋ ದಾರಿಯಲ್ಲಿ ಕಾರಿನ ಹೊಟ್ಟೆ ಕಲ್ಲಿಗೆ ಉಜ್ಜುತ್ತೆ, ಇದು ದಾಟಿಕೊಂಡು ಹೋಗುತ್ತೆ. ಆದರೆ ಅಂಥ ದಾರಿ ವಾರಕ್ಕೊಂದು ಸಲ. ಉಳಿದ ದಿನ ಟಾರು ರಸ್ತೆ, ಒಳಗೆ ಸಾಹೇಬರೊಬ್ಬರು, ಡ್ರೈವರ್ ಒಬ್ಬ. ಇವರಿಬ್ಬರನ್ನು ಹೊರಾಕೆ ಎರಡು ಟನ್ ಕಬ್ಬಿಣ! ಮೇಲಾಗಿ ಎತ್ತರದ ಗಾಡಿ ಗಾಳಿಗೆ ಎದೆ ಕೊಟ್ಟು ನಡೆಯುತ್ತೆ. ಎಂಬತ್ತು ದಾಟಿದರೆ ಕುಡಿಯೋ ದಾಹವೇ ಬೇರೆ.

ಲಾರಿಗೆ ಬೇರೆಯವನನ್ನು ಹಾಕಿ ತಿಪ್ಪೇಸ್ವಾಮಿಯನ್ನು ಈ ಗಾಡಿಗೆ ತಂದರು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಗೀಚೂ ಮಾಡದ ಡ್ರೈವರ್ ಅಂತ. ಅವನಿಗೆ ಮನಸ್ಸಿರಲಿಲ್ಲ. "ಲಾರಿ ಬಿಡಿಸಿ ಇದ್ರಾಗೆ ಕೂರಿಸ್ತಾರೆ, ಬಾಗಿಲು ತೆಗಿಯೋ ಕೆಲ್ಸ" ಅಂತ ಗೊಣಗಿದ.

ಹೊಸ ಗಾಡಿಗೆ ಆವರೇಜ್ ನಾನೇ ತೆಗೆದೆ. ಜಗಳೂರು ಕಡೆಯ ನೇರ ರಸ್ತೆ, ಖಾಲಿ ಗಾಡಿ, ಏಸಿ ಬಂದ್, ಐವತ್ತರ ವೇಗ. ಲೀಟರಿಗೆ ಹನ್ನೆರಡು ಬಂತು. ಸಾಹೇಬರು ಹೊರಡಾಕೆ ನಿಂತಿದ್ದರು, "ಬೇಗ ಬರೀರಿ ಹಾಲಪ್ಪ" ಅಂದರು. ಹನ್ನೆರಡು ಅಂತ ಬರೆದೆ, ಷರಾ ಕಾಲಂನಲ್ಲಿ ಗೆರೆ ಎಳೆದೆ, ಸಹಿ ಹಾಕಿದೆ.

ಎರಡು ವಾರದಲ್ಲಿ ಸಾಹೇಬರು ಅದಕ್ಕೆ ಒಂದು ಸೈಜು ದೊಡ್ಡ ಟೈರು ಹಾಕಿಸಿದರು, ಮೇಲೆ ಕ್ಯಾರಿಯರ್ ಬಿಗಿಸಿದರು. ಗಾಡಿ ಗತ್ತಾಗಿ ಕಾಣಬೇಕಲ್ಲ! ಟೈರು ಬಾಡಿಗೆ ತಾಗಲ್ಲ, ಹಾಕಬಹುದು ಅಂತ ಕಾಗದ ಕೊಟ್ಟವನೂ ನಾನೇ. ಆವರೇಜ್ ಮತ್ತೆ ತೆಗೀಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಐದು ತಿಂಗಳಾದ ಮೇಲೆ ಮೇಲಿನ ಕಚೇರಿಯವರು ಲಾಗ್ ಬುಕ್ ತೆಗೆದು ನೋಡಿದರು. ಗಾಡಿ ಕೊಟ್ಟಿದ್ದು ಒಂಬತ್ತೂವರೆ. ನನ್ನ ಹನ್ನೆರಡಕ್ಕೂ ಅದಕ್ಕೂ ಇರೋ ವ್ಯತ್ಯಾಸ ಕೂಡಿಸಿದರೆ ಇನ್ನೂರು ಲೀಟರಿನ ಒಂದು ಡ್ರಮ್ಮು ಡೀಸೆಲ್ಲು, ಇನ್ನೂ ಸ್ವಲ್ಪ ಹೆಚ್ಚು. ತಿಪ್ಪೇಸ್ವಾಮಿಗೆ ನೋಟಿಸು ಬಂತು. ಹದಿನೈದು ದಿನದಲ್ಲಿ ಸಮಜಾಯಿಷಿ ಕೊಡದಿದ್ದರೆ ಕಳವು ಅಂತ ಇಲಾಖಾ ವಿಚಾರಣೆ. ಅವನ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು.

ಈಗ ಹೇಳೋ ಮಾತು ಹೇಳಾಕೆ ನನಗೆ ನಾಚಿಕೆಯಾಗುತ್ತೆ. ನಾನೂ ಅವನ ಮೇಲೆ ಅನುಮಾನಪಟ್ಟೆ. ನನ್ನ ಸಹಿ ಸುಳ್ಳಾಗೋದು ಹೆಂಗೆ ಅನ್ನೋ ಸೊಕ್ಕು ಇತ್ತು ನನಗೆ. ಅವನು ಟೀಗೆ ಹೋಗಿದ್ದಾಗ ಗಾಡಿ ಡಿಕ್ಕಿ ತೆಗೆದು, ಕೆಳಗೆ ಹಾಸಿದ್ದ ಮ್ಯಾಟ್ ಎತ್ತಿ ಮೂಸಿದೆ. ಕ್ಯಾನು ಇಟ್ಟಿದ್ದರೆ ಡೀಸೆಲ್ ವಾಸನೆ ಎಷ್ಟು ತೊಳೆದರೂ ಹೋಗಲ್ಲ. ಬಗ್ಗಿದವನು ಎದ್ದು ನೋಡಿದರೆ ತಿಪ್ಪೇಸ್ವಾಮಿ ಹಿಂದೆಯೇ ನಿಂತಿದ್ದ.

"ವಾಸ್ನೆ ಬಂತೇನ್ರೀ ಹಾಲಪ್ನೋರೇ?" ಅಂದ.

ಇಪ್ಪತ್ತೆಂಟು ವರ್ಷ ಹಾಲಣ್ಣ ಅಂದವನು. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು.

"ಇಲ್ಲ" ಅಂದೆ.

"ಬರಲ್ರೀ. ಮೊನ್ನೆ ಬಿಳಿಚೋಡು ಬಸ್ಸಾಗೆ ಒಬ್ಬ ಕೇಳ್ದ, ತಿಪ್ಪಣ್ಣ ನಮ್ ಪಂಪ್‌ಸೆಟ್ಟಿಗೂ ಎಲ್ಡು ಲೀಟರ್ ಹಾಕ್ಸೋ ಅಂತ. ಬಸ್ಸೆಲ್ಲ ನಕ್ತು. ನಮ್ಮಣ್ಣನ ಮಗನೂ ಅದೇ ಬಸ್ಸಾಗೆ ಇದ್ದ. ನಾನ್ ಏನಂತ ಹೇಳ್ಲಿ? ಕಾಗದದಾಗೆ ನಿಮ್ ಸಹಿ ಐತೆ, ಹನ್ನೆಲ್ಡು ಅಂತ."

ಅಷ್ಟು ಹೇಳಿ ತಿರುಗಿ ನಡೆದುಬಿಟ್ಟ. ಆ ಗಳಿಗೆಯಲ್ಲೇ ನಿಶ್ಚಯ ಮಾಡಿದೆ. ಆ ಡ್ರಮ್ಮು ಎಲ್ಲಿ ಹೋಯ್ತು ಅಂತ ಕೊನೇ ಲೀಟರಿನ ತನಕ ಹುಡುಕದೆ ನಾನು ಸ್ಪ್ಯಾನರ್ ಮುಟ್ಟಲ್ಲ ಅಂತ.

ಮಾರನೇ ದಿನ ನಾನೂ ಗಾಡಿ ಹತ್ತಿದೆ. ಸಾಹೇಬರನ್ನು ಹೊನ್ನಾಳಿಯಲ್ಲಿ ಮೀಟಿಂಗಿಗೆ ಬಿಟ್ಟು ಗಾಡಿ ಖಾಲಿ ನಿಂತಿತ್ತು. "ನ್ಯಾಮತಿ ಕಡೆ ಹತ್ತು ಕಲ್ಲು ಹೋಗಿ ಬರಾಣ ನಡಿ" ಅಂದೆ. ಅವನು ಓಡಿಸಿದ. ನಾನು ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಎಣಿಸುತ್ತಾ ಕೂತೆ. ಯಾಕೆ ಎಣಿಸಿದೆ ಅಂತ ಕೇಳಬೇಡಿ, ಲೀಟರು ಸರಿಯಿದ್ದರೆ ಕಿಲೋಮೀಟರೇ ತಪ್ಪಿರಬೇಕು ಅಂತ ರಾತ್ರಿಯೆಲ್ಲ ತಲೆಯಲ್ಲಿ ಕೊರೀತಿತ್ತು. ಹತ್ತನೇ ಕಲ್ಲು ದಾಟಿದಾಗ ಮೀಟರ್ ನೋಡಿದೆ. ಒಂಬತ್ತೂವರೆ ಕಿಲೋಮೀಟರ್ ತೋರಿಸ್ತಿತ್ತು.

"ನಿಲ್ಸೋ ತಿಪ್ಪಣ್ಣ!" ಅಂತ ಕೂಗಿದೆ. ಅವನು ಬೆಚ್ಚಿ ಬ್ರೇಕ್ ಹಾಕಿದ.

ಇಳಿದು ಟೈರಿಗೆ ಸುಣ್ಣದಲ್ಲಿ ಗುರುತು ಹಾಕಿದೆ, ನೆಲಕ್ಕೂ ಹಾಕಿದೆ. ಗುರುತು ಒಂದು ಸುತ್ತು ತಿರುಗಿ ಮತ್ತೆ ನೆಲಕ್ಕೆ ಬರೋವರೆಗೆ ಗಾಡಿ ಮುಂದೆ ತೆಗೆಸಿ ಟೇಪು ಹಿಡಿದೆ. ಏಳೂವರೆ ಅಡಿ. ಹಿಂದೆ ಸ್ಟೆಪ್ನಿ ಮಾತ್ರ ಕಂಪನಿ ಕೊಟ್ಟ ಹಳೇ ಸೈಜಿನದೇ ಇತ್ತು. ಅದನ್ನು ಇಳಿಸಿ ರಸ್ತೆ ಪಕ್ಕ ಉರುಳಿಸಿದೆ. ಏಳು ಅಡಿ ಎರಡು ಇಂಚು. ನಾಲ್ಕು ಇಂಚು ವ್ಯತ್ಯಾಸ.

ಮೀಟರಿಗೆ ರಸ್ತೆ ಕಾಣಲ್ಲ. ಚಕ್ರ ಎಷ್ಟು ಸುತ್ತು ತಿರುಗಿತು ಅನ್ನೋದೇ ಅದರ ಲೆಕ್ಕ. ಚಕ್ರ ದೊಡ್ಡದಾದರೆ ಸುತ್ತು ಕಮ್ಮಿ, ಮೀಟರ್ ಕಮ್ಮಿ ತೋರಿಸುತ್ತೆ. ತಿಪ್ಪೇಸ್ವಾಮಿ ಪ್ರತಿ ಸುತ್ತಿಗೂ ನಾಲ್ಕು ಇಂಚು ದೂರವನ್ನು ಪುಕ್ಕಟೆ ಓಡಿಸಿದ್ದ, ಲಾಗ್ ಬುಕ್ಕಿನಲ್ಲಿ ಅದು ಇರಲೇ ಇಲ್ಲ. ಅಲ್ಲಮ್ಮಾ, ನಿನ್ನ ಡಿಸ್‌ಪ್ಲೇ ಕೂಡ ಇದೇ ಚಕ್ರವನ್ನೇ ನಂಬಿಕೊಂಡು ಕೂತಿರೋದು.

ಆದರೆ ಇದರಿಂದ ತುಂಬಿದ್ದು ಡ್ರಮ್ಮಿನ ಐದನೇ ಒಂದು ಪಾಲು. ಉಳಿದದ್ದು? ನಾಲ್ಕು ದಿನ ಹಟ ಹಿಡಿದು ಕೂತೆ. ಗೋಡೌನಿನಲ್ಲಿದ್ದ ಹಳೇ ಟೈರು ಹಾಕಿ, ಕ್ಯಾರಿಯರ್ ಬಿಚ್ಚಿ, ಏಸಿ ಬಂದ್ ಮಾಡಿ ಓಡಿಸಿದರೆ ಅದೇ ಹನ್ನೆರಡು ಬಂತು. ಅಂದರೆ ಎಂಜಿನ್ ಸರಿಯಿದೆ. ದೊಡ್ಡ ಟೈರು, ಕ್ಯಾರಿಯರ್, ಏಸಿ ಸಮೇತ ಓಡಿಸಿದರೆ ಕಲ್ಲಿನ ಲೆಕ್ಕಕ್ಕೆ ಹನ್ನೊಂದು, ಮೀಟರಿನ ಲೆಕ್ಕಕ್ಕೆ ಹತ್ತೂವರೆ. ಲಾಗ್ ಬುಕ್ಕಿನ ಒಂಬತ್ತೂವರೆಗೆ ಇನ್ನೂ ಒಂದು ಕಿಲೋಮೀಟರ್ ಬಾಕಿ ಉಳಿಯಿತು.

"ತಿಪ್ಪಣ್ಣ, ಗಾಡಿ ನಿಂತಾಗ ಎಂಜಿನ್ ಆಫ್ ಮಾಡ್ತೀಯೋ ಇಲ್ವೋ?" ಅಂದೆ.

ಅವನು ಬೇರೆ ಕಡೆ ನೋಡಿದ. "ಸಾಹೇಬ್ರು ಬಿಸ್ಲಾಗೆ ಬರ್ತಾರೆ. ಹತ್ತಿದ ತಕ್ಷಣ ತಣ್ಣಗಿರ್ಬೇಕು ಅಂತಾರೆ. ಮೀಟಿಂಗ್ ಮುಗಿಯೋವರ್ಗೂ ಏಸಿ ಓಡ್ತಾನೇ ಇರ್ತೈತ್ರೀ."

"ಇದನ್ನ ಸಮಜಾಯಿಷಿಯಲ್ಲಿ ಬರೆದ್ಯಾ?"

"ಅವ್ರ ಗಾಡಿ ಓಡಿಸ್ಕೊಂಡು ಅವ್ರ ಮೇಲೇ ಹೆಂಗೆ ಬರೀಲಿ?"

ನಿಂತಲ್ಲೇ ಏಸಿ ಹಾಕಿ ಒಂದು ಗಂಟೆ ಎಂಜಿನ್ ಓಡಿಸಿ ಅಳೆದೆ. ಒಂದು ಲೀಟರಿಗೆ ಸ್ವಲ್ಪ ಕಮ್ಮಿ. ಕಿಲೋಮೀಟರ್ ಸೊನ್ನೆ. ದಿನಕ್ಕೊಂದು ಗಂಟೆ ಅಂದರೂ ಅರ್ಧ ಡ್ರಮ್ಮು ಅಲ್ಲೇ ಸಿಕ್ಕಿತು.

ಎಲ್ಲ ಬರೆದುಕೊಂಡು ಸಾಹೇಬರ ರೂಮಿಗೆ ಹೋದೆ. ಅವರು ಓದಿದರು. ಏಸಿ ಸಾಲಿಗೆ ಬಂದಾಗ ಮುಖ ಬಿಗಿಯಿತು. ಡ್ರಾಯರಿನಿಂದ ನನ್ನ ಹಳೇ ಸರ್ಟಿಫಿಕೇಟ್ ತೆಗೆದು ಮುಂದಿಟ್ಟರು.

"ಇದು ನಿಮ್ಮ ಸಹಿ ತಾನೇ?"

"ಹೌದು ಸಾರ್."

"ಈಗ ಇದು ತಪ್ಪು ಅಂತೀರಿ. ಹಾಗಿದ್ರೆ ತಪ್ಪು ಸರ್ಟಿಫಿಕೇಟ್ ಕೊಟ್ಟವರು ನೀವು ಅಂತಾಗುತ್ತೆ. ನೋಟಿಸು ನಿಮಗೆ ಬರುತ್ತೆ. ಯೋಚನೆ ಮಾಡಿದ್ದೀರಾ?"

"ಬರ್ಲಿ ಸಾರ್. ಹನ್ನೆರಡು ಅಂತ ಬರೆದವನು ನಾನು. ಯಾವ ಟೈರಲ್ಲಿ, ಖಾಲಿ ಓಡಿತೋ ತುಂಬಿ ಓಡಿತೋ, ಏನೂ ಬರೀಲಿಲ್ಲ. ಗೆರೆ ಎಳೆದೆ. ಆ ಗೆರೆಗೆ ಅವನು ಕಳ್ಳ ಆಗೋದು ಬೇಡ. ತಾವು ಐದು ನಿಮಿಷ ಕೆಳಗೆ ಬರ್ಬೇಕು."

"ಬರದೆ ಇದ್ರೆ?"

"ಇಲ್ಲೇ ಬಾಗಿಲ ಹತ್ರ ನಿಂತಿರ್ತೀನಿ ಸಾರ್."

ಎಲ್ಲಿಂದ ಬಂತೋ ಆ ಧೈರ್ಯ! ಕದಲಲಿಲ್ಲ. ಸಾಹೇಬರು ನನ್ನನ್ನೇ ಒಂದು ಕ್ಷಣ ನೋಡಿ ಕುರ್ಚಿ ಹಿಂದೆ ತಳ್ಳಿದರು.

ಅಂಗಳದಲ್ಲಿ ಟೇಪಿನ ಒಂದು ತುದಿಯನ್ನು ಅವರ ಕೈಗೇ ಕೊಟ್ಟೆ. ಚಕ್ರ ಒಂದು ಸುತ್ತು ಉರುಳಿತು, ಅವರೇ ಬಗ್ಗಿ ಓದಿದರು. ಸ್ಟೆಪ್ನಿ ಉರುಳಿತು, ಅದನ್ನೂ ಓದಿದರು. ಎದ್ದು ಅಂಗೈಯ ಸುಣ್ಣ ಒರೆಸಿಕೊಂಡರು. ತಿಪ್ಪೇಸ್ವಾಮಿ ದೂರದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಸಾಹೇಬರು ಅವನ ಹತ್ತಿರ ಹೋಗಿ, "ಏಸಿ ವಿಷಯ ನೀವ್ಯಾಕೆ ಬರೀಲಿಲ್ಲ?" ಅಂತ ಕೇಳಿದರು. ಉತ್ತರಕ್ಕೆ ಕಾಯದೆ ಮೆಟ್ಟಿಲು ಹತ್ತಿ ಹೋದರು.

ವಾರದಲ್ಲಿ ಅವನ ನೋಟಿಸು ವಾಪಸಾಯಿತು. ಏಸಿ ಬಗ್ಗೆ ನಾನು ಬರೆದ ಸಾಲನ್ನು ಸಾಹೇಬರು ಹೊಡೆದು ಹಾಕಲಿಲ್ಲ, ಹಾಗೇ ಮೇಲಕ್ಕೆ ಕಳಿಸಿದರು. ಅದು ಅವರ ದೊಡ್ಡತನ. ಅದೇ ವಾರ ನನಗೆ ಎಚ್ಚರಿಕೆ ಪತ್ರ ಬಂತು, ನನ್ನ ಸರ್ವಿಸ್ ಪುಸ್ತಕದಲ್ಲಿ ಅದು ಈಗಲೂ ಇದೆ. ಇರಬೇಕಾದ್ದೇ.

ತಿಪ್ಪೇಸ್ವಾಮಿ ಆ ಗಾಡಿ ಕೀಯನ್ನು ಸಾಹೇಬರ ಮೇಜಿನ ಮೇಲಿಟ್ಟು, "ನನಗೆ ಲಾರಿ ಕೊಡ್ರಿ ಸಾರ್, ಇಲ್ಲಾಂದ್ರೆ ರಜ ಕೊಡ್ರಿ" ಅಂದನಂತೆ. ಲಾರಿ ಕೊಟ್ಟರು. ನನ್ನ ಜೊತೆ ಮಾತು ಮಾತ್ರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ, ಅದೂ ಬಹುವಚನದಲ್ಲಿ. ನಾನು ಕ್ಷಮಿಸು ಅಂತ ಎರಡು ಸಲ ಕೇಳಿದೆ. "ಬಿಡ್ರಿ ಹಾಲಪ್ನೋರೇ" ಅಂದ, ಅಷ್ಟೇ.

ಆಮೇಲೆ ನಾನು ಟೆಸ್ಟ್ ಮಾಡೋ ರೀತಿ ಬದಲಾಯಿಸಿದೆ. ಮೊದಲು ಕಲ್ಲಿಗೆ ಮೀಟರ್ ತಾಳೆ ನೋಡೋದು, ಟೈರು ಅಳೆಯೋದು. ಖಾಲಿ ಒಂದು ಸಲ, ದಿನಾ ಹೊರೋವಷ್ಟು ಹೊರೆಸಿ ಒಂದು ಸಲ. ಚನ್ನಗಿರಿ, ಬಸವಾಪಟ್ಟಣದ ಸಂದಣಿಯಲ್ಲಿ ಬೇರೆ, ಜಗಳೂರಿನ ಗಾಳಿಯಲ್ಲಿ ಬೇರೆ. ತಿಪ್ಪಣ್ಣನ ಎಂಟು ಟನ್ ಲೆಕ್ಕವನ್ನು ಎಸ್‌ಯುವಿಗೂ ಹಾಕಿ ಗೋಡೆಗೆ ಅಂಟಿಸಿದೆ. ಐದು ಕ್ವಿಂಟಾಲಿನ ಹದಿನಾರು ಟ್ರಿಪ್ಪು, ಲೀಟರಿಗೆ ಹನ್ನೊಂದು, ನೂರಾ ನಲವತ್ತೈದು ಲೀಟರ್. ಲಾರಿ ಇಪ್ಪತ್ತು, ಕಾರು ನೂರಾ ಹನ್ನೊಂದು, ಇದು ನೂರಾ ನಲವತ್ತೈದು. ಹೊರೆಗೆ ಲಾರಿ, ನಾಲ್ಕು ಜನಕ್ಕೆ ಕಾರು, ದಾರಿಯೇ ಇಲ್ಲದ ಕಡೆಗೆ ಮಾತ್ರ ಆ ಎತ್ತರದ ಗಾಡಿ ಅಂತ ಕೆಳಗೆ ಬರೆದೆ. ಸಾಹೇಬರು ಓದಿದರು, ಕೀಳಿಸಲಿಲ್ಲ. ಕ್ಯಾರಿಯರ್ ಬಿಚ್ಚಿಸಿದರು.

ತಿಪ್ಪೇಸ್ವಾಮಿ ನಿವೃತ್ತಿ ಆಗೋ ವಾರ ಬೆಳಿಗ್ಗೆ ಲಾರಿ ತಂದು ವರ್ಕ್‌ಶಾಪಿನ ಮುಂದೆ ನಿಲ್ಲಿಸಿದ. ಹಿಂದೆ ಪೂರ್ತಿ ಪೈಪು ತುಂಬಿತ್ತು. "ಇದ್ರ ಆವರೇಜ್ ತೆಗೀರಿ. ಮುಂದಿನೋನಿಗೆ ತೊಂದ್ರೆ ಆಗ್ಬಾರ್ದು" ಅಂದ.

ಇಬ್ಬರೂ ಹೋದೆವು. ಬಂಕಿನಲ್ಲಿ ಸುಣ್ಣದ ಗುರುತು ಹಾಕಿದೆ. ಜಗಳೂರಿಗೆ ಹೋಗಿ, ಪೈಪು ಇಳಿಸಿ, ಖಾಲಿ ವಾಪಸ್ ಬಂದು ಅದೇ ಗುರುತಿನ ಮೇಲೆ ನಿಂತೆವು. ಐದು ಬರಲಿಲ್ಲ, ನಾಲ್ಕೂ ಮುಕ್ಕಾಲು ಬಂತು. ಹೋಗ್ತಾ ಎದುರುಗಾಳಿ ಇತ್ತು. ಬಾನೆಟ್ ಮೇಲೆ ಕಾಗದ ಇಟ್ಟು ನಾಲ್ಕೂ ಮುಕ್ಕಾಲು ಅಂತ ಬರೆದೆ. ಅವನು ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಷರಾ ಕಾಲಂ ಬಂತು. ಅಲ್ಲಿ ಬರೆದೆ: "ಹೋಗುವಾಗ ಎಂಟು ಟನ್ ಪೈಪು, ಬರುವಾಗ ಖಾಲಿ. ಎದುರುಗಾಳಿ. ಮೀಟರ್ ಕಲ್ಲಿಗೆ ಸರಿಯಿದೆ. ಚಾಲಕರು ತಿಪ್ಪೇಸ್ವಾಮಿ, ಬಿಳಿಚೋಡು. ಇವರ ಕೈಯಲ್ಲಿ ಒಂದು ಹನಿ ಡೀಸೆಲ್ ಪೋಲಾಗಿಲ್ಲ." ಕೆಳಗೆ ಸಹಿ ಹಾಕಿದೆ, ಕಚೇರಿಗೆ ಬಂದು ಮೊಹರು ಒತ್ತಿಸಿದೆ.

ಅವನು ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದ. ಇನ್ನೊಂದು ಸಲ ಓದಿದ. ಆಮೇಲೆ ನನ್ನ ಮುಖ ನೋಡಿದ.

"ಹಾಲಣ್ಣ" ಅಂದ, "ಇದನ್ನ ಒಂದು ಝೆರಾಕ್ಸ್ ತೆಗೆಸ್ಕೊಡು. ಬಿಳಿಚೋಡು ಬಸ್ಸಿಗೆ ಒಯ್ಯೋದೈತೆ."